ಎಲ್ಕ್ ಹಿಂದೆ ಐದು ದಿನ, ಬೆನ್ನ ಮೇಲೆ ಇಪ್ಪತ್ತೆರಡು ಕಿಲೋ

ಟೆಂಟ್ ಹಾಕಿ ಮುಗಿಸಿ, ಬೂಟು ಕಳಚಿದ ಕೂಡಲೇ ನಾನು ನೋಡಿದ್ದು ಹಿಮ್ಮಡಿಯನ್ನು. ಎರಡೂ ಕಾಲಲ್ಲಿ ಕೆಂಪಗಾಗಿತ್ತು, ಆದರೆ ಬೊಬ್ಬೆ ಎದ್ದಿರಲಿಲ್ಲ. ಬೆನ್ನ ಮೇಲೆ 22 ಕಿಲೋ ಹೊತ್ತು 11 ಕಿಲೋಮೀಟರ್ ಏರಿ ಬಂದಿದ್ದೆವು. ಹೊಸ ಬೂಟು ಅಷ್ಟು ತಡೆದುಕೊಂಡಿತ್ತು. ನಾವಿದ್ದ ಜಾಗ 10,800 ಅಡಿ ಎತ್ತರ. ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯದ ನೈಋತ್ಯದಲ್ಲಿ ಸಾನ್ ವಾನ್ ಬೆಟ್ಟಗಳಿವೆ. ಅದರೊಳಗೆ ವೆಮಿನೂಚ್ ಅನ್ನೋ ಕಾಡು, ಸುಮಾರು 5 ಲಕ್ಷ ಎಕರೆ. 1975ರಿಂದ ಅದಕ್ಕೆ ಕಾಯ್ದೆಯ ರಕ್ಷಣೆ ಇದೆ. ಒಳಗೆ ಮೋಟಾರು ಇಲ್ಲ, ಸೈಕಲ್ ಇಲ್ಲ, ಗಾಲಿ ಇರುವ ತಳ್ಳುಗಾಡಿ ಕೂಡ ಇಲ್ಲ. ಕುದುರೆ ಇದ್ದವರು ಕುದುರೆ ಮೇಲೆ ಹೋಗಬಹುದು. ಇಲ್ಲದವರಿಗೆ ಕಾಲೇ ಗತಿ. ನಾನೂ ಭಾವನೂ ಕಾಲಿನವರು. ಅಕ್ಟೋಬರ್ ನಡುವಿನ ಐದು ದಿನದ ಬೇಟೆಗೆ ಇಬ್ಬರಿಗೂ ಲೈಸೆನ್ಸ್ ಸಿಕ್ಕಿತ್ತು. ಭಾವನಿಗೆ ಹೆಣ್ಣು ಎಲ್ಕ್, ನನಗೆ ಗಂಡು.

ಎಲ್ಕ್ ಕಡವೆಯ ಬಳಗದ ಪ್ರಾಣಿ. ಚೆನ್ನಾಗಿ ಬೆಳೆದ ಗಂಡು 300 ಕಿಲೋ ದಾಟುತ್ತದೆ. ಕೊಲೊರಾಡೊದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಇವೆ. ಹಾಗಂತ ಸುಮ್ನೆ ಕಣ್ಣಿಗೆ ಬೀಳುವುದಿಲ್ಲ.

ಈ ಸಲ ಬೇಟೆಯ ಜೊತೆ ಇನ್ನೊಂದು ಕೆಲಸ ಇಟ್ಟುಕೊಂಡಿದ್ದೆ. ಬೂಟು, ಬ್ಯಾಗು, ಜಾಕೆಟ್, ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ಸ್ಕೋಪ್, ಎಲ್ಲ ಹೊಸದು. ಭಾವನ ಹತ್ತಿರ ಇದ್ದದ್ದೆಲ್ಲ ಹತ್ತು ಹದಿನೈದು ವರ್ಷ ಹಳೆಯದು. ಒಂದೇ ಬೆಟ್ಟ, ಒಂದೇ ಚಳಿ, ಒಂದೇ ದಾರಿ. ಹೊಸದು ಹಳೆಯದರ ಪಕ್ಕದಲ್ಲಿ ಹೇಗೆ ನಿಲ್ಲುತ್ತದೆ ನೋಡೋಣ ಅನ್ನೋದು ನನ್ನ ಲೆಕ್ಕ. ಮನೆಯಲ್ಲಿ ಹಾಕಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಅಲ್ವಾ?

ಮೊದಲ ರಾತ್ರಿಯೇ ಒಂದು ಪಾಠವಾಯಿತು. ಚಳಿ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿತ್ತು. ನನ್ನ ಸಣ್ಣ ಗ್ಯಾಸ್ ಒಲೆ ಉರಿಯಲು ಒಲ್ಲೆ ಅನ್ನುತ್ತಿತ್ತು. ತಪ್ಪು ಒಲೆಯದಲ್ಲ, ಡಬ್ಬಿಯೊಳಗಿನ ಗ್ಯಾಸಿನದು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸಿಬಿಡುತ್ತದೆ. ಐಸೊಬ್ಯೂಟೇನ್ ಮೈನಸ್ 11ರವರೆಗೆ ಎಳೆಯುತ್ತದೆ, ಪ್ರೊಪೇನ್ ಮೈನಸ್ 42ರವರೆಗೆ. ನಾನು ಅವಸರದಲ್ಲಿ ತಂದ ಡಬ್ಬಿಯಲ್ಲಿ ಬ್ಯೂಟೇನೇ ಜಾಸ್ತಿ. ಡಬ್ಬಿಯನ್ನು ಜಾಕೆಟ್ಟಿನೊಳಗೆ ಹದಿನೈದು ನಿಮಿಷ ಇಟ್ಟುಕೊಂಡ ಮೇಲೆ ಉರಿ ಬಂತು. ಆ ಎತ್ತರದಲ್ಲಿ ನೀರು 89 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಏನೇ ಬೇಯಿಸಿದರೂ ಹೊತ್ತು ಹಿಡಿಯುತ್ತದೆ. ಮಲಗುವಾಗ ಗ್ಯಾಸ್ ಡಬ್ಬಿ, ಟಾರ್ಚ್, ದೂರ ಅಳೆಯುವ ಲೇಸರ್‌ನ ಬ್ಯಾಟರಿ, ಎಲ್ಲವನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಂಡೆ. ಚಳಿಗೆ ಬ್ಯಾಟರಿ ಸೋತರೆ ಬೆಳಿಗ್ಗೆ ಲೇಸರ್ ಬರೀ ಭಾರ.

ಮರುದಿನ ಬೇಟೆ ಇಲ್ಲ, ನೋಡುವುದಷ್ಟೆ. ನನಗೆ ಬೇಟೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ದುರ್ಬೀನನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೂ ಮುಕ್ಕಾಲಿಯ ಮೇಲೆ ಕೂರಿಸಿ ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಹೇಳಿದರೆ ನಂಬುವುದು ಕಷ್ಟ. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಕೈಯ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಮುಕ್ಕಾಲಿಯ ಮೇಲಿಟ್ಟಾಗ ಎದುರಿನ ಇಳಿಜಾರು ನಿಂತುಬಿಟ್ಟಿತು. ಹತ್ತು ನಿಮಿಷ ಖಾಲಿ ಅನ್ನಿಸಿದ ಜಾಗ. ಆಮೇಲೆ ಒಂದು ಸ್ಪ್ರೂಸ್ ಮರದ ಬುಡದಲ್ಲಿ ಏನೋ ಅಲುಗಿತು. ಕಿವಿ. ಅದರ ಪಕ್ಕ ಇನ್ನೊಂದು ಕಿವಿ. ನೋಡುತ್ತಾ ನೋಡುತ್ತಾ ಏಳು ಹೆಣ್ಣು ಎಲ್ಕ್‌ಗಳು ನೆರಳಿನಿಂದ ಒಂದೊಂದಾಗಿ ಮೂಡಿದವು. ಅವು ಅಲ್ಲೇ ಮಲಗಿದ್ದವು, ನಮಗೆ ಕಂಡಿರಲಿಲ್ಲ.

ಭಾವ ಹಳೇ ದುರ್ಬೀನಿನಲ್ಲಿ ಒಂಬತ್ತು ಎಣಿಸಿದ್ದರು. "ಗಾಜು ಹೊಸದಾದರೆ ಸಾಲದು ಮಾರಾಯ, ಒಂದು ಕಡೆ ಕೂರಬೇಕು. ನೀನು ಸುತ್ತಲೂ ತಿರುಗಿಸ್ತಾ ಇದ್ದೀಯ" ಅಂದರು. ಎಣಿಸಿ ನೋಡಿದೆ. ಒಂಬತ್ತೇ.

ಶನಿವಾರ ಬೆಳಿಗ್ಗೆ ಬೇಟೆ ಶುರು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಈಡು ಹೊಡೆಯಲು ಅವಕಾಶ. ಮೈಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು, ತಲೆಯ ಮೇಲೂ. ಬೇರೆ ಬೇಟೆಗಾರರ ಕಣ್ಣಿಗೆ ಬೀಳಲಿ ಅಂತ. ಎಲ್ಕ್ ಕಣ್ಣಿಗೆ ಕಿತ್ತಳೆ ನಮಗೆ ಕಂಡಷ್ಟು ಎದ್ದು ಕಾಣುವುದಿಲ್ಲ. ಅದು ಹಿಡಿಯುವುದು ಅಲುಗಾಟವನ್ನು, ಸದ್ದನ್ನು, ಎಲ್ಲಕ್ಕಿಂತ ಮೊದಲು ವಾಸನೆಯನ್ನು.

ಸದ್ದಿನ ವಿಷಯದಲ್ಲೇ ನನ್ನ ಹೊಸ ಜಾಕೆಟ್ ಸೋತಿತು. ಮಳೆ ನಿಲ್ಲಿಸುತ್ತದೆ, ಗಾಳಿ ನಿಲ್ಲಿಸುತ್ತದೆ, ನಿಜ. ಆದರೆ ಸ್ಪ್ರೂಸಿನ ಒಣ ಕೊಂಬೆ ತೋಳಿಗೆ ತಾಗಿದರೆ ಸರ್ ಅಂತ ಕೆರೆದ ಸದ್ದು. ಭಾವನ ಹಳೇ ಉಣ್ಣೆ ಅಂಗಿಗೆ ಅದೇ ಕೊಂಬೆ ತಾಗಿದರೆ ಏನೂ ಕೇಳುವುದಿಲ್ಲ. ಆಸ್ಪೆನ್ ಮರದ ಎಲೆ ಉದುರಿ ನೆಲವೆಲ್ಲ ಹಪ್ಪಳವಾಗಿತ್ತು. ಅದರ ಮೇಲೆ ಹೆಜ್ಜೆ ಇಡುವುದೇ ಒಂದು ಕಷ್ಟ, ಜೊತೆಗೆ ಜಾಕೆಟ್ಟೂ ಮಾತಾಡಿದರೆ ಹೇಗೆ? ಎರಡು ಗಂಟೆ ತಡೆದೆ. ಆಮೇಲೆ ಅದನ್ನು ಬ್ಯಾಗಿಗೆ ತುರುಕಿ, ಉಣ್ಣೆಯ ಒಳ ಅಂಗಿಯ ಮೇಲೆ ಕಿತ್ತಳೆ ಬಟ್ಟೆಯ ವೆಸ್ಟ್ ಮಾತ್ರ ಹಾಕಿ ನಡೆದೆ. ಚಳಿ ಕಚ್ಚಿತು. ಮಳೆಗೆ ಆ ಜಾಕೆಟ್ ಒಳ್ಳೆಯದು, ಹೊಂಚು ಹಾಕುವುದಕ್ಕೆ ಬೇಡ.

ಗಾಳಿ ನೋಡುವುದಕ್ಕೆ ಪುಡಿ ತುಂಬಿದ ಸಣ್ಣ ಸೀಸೆ ಇತ್ತು. ಸಾಮಾನುಗಳಲ್ಲೆಲ್ಲ ಅಗ್ಗದ್ದು ಅದು, ದಿನಕ್ಕೆ ನೂರು ಸಲ ಕೈಗೆ ಬಂದದ್ದೂ ಅದೇ. ಒತ್ತಿದರೆ ಬಿಳಿ ಪುಡಿ ಹೊಗೆಯಂತೆ ಹೊರಟು ಗಾಳಿ ಎತ್ತ ಹೋಗುತ್ತಿದೆ ಅಂತ ತೋರಿಸುತ್ತದೆ. ಬೆಳಗಿನ ಜಾವ ತಣ್ಣನೆ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಕೆಳಗೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲೇರುತ್ತದೆ. ಈ ತಿರುವಿನ ಹೊತ್ತಿನಲ್ಲಿ ನಾವು ತಪ್ಪು ಕಡೆ ಇದ್ದರೆ ಇಡೀ ಕಣಿವೆಗೆ ನಮ್ಮ ವಾಸನೆ ಹೋಗುತ್ತದೆ.

ಮಧ್ಯಾಹ್ನ ನಾವು ಬೇರೆ ಬೇರೆ ದಾರಿ ಹಿಡಿದೆವು. ಭಾವ ಆಚೆ ದಿಬ್ಬಕ್ಕೆ, ನಾನು ಕಲ್ಲು ಜರಿದ ಇಳಿಜಾರು ದಾಟಿ ಮೇಲಿನ ಹುಲ್ಲುಗಾವಲಿಗೆ. ಅಲ್ಲೇ ಜಾರಿದೆ. ಕೋವಿಯಲ್ಲಿ ತೋಟಾ ಇರಲಿಲ್ಲ, ಅಂಥ ಜಾಗ ದಾಟುವಾಗ ಖಾಲಿ ಮಾಡುವುದು ನಮ್ಮ ಅಭ್ಯಾಸ. ಮೊಣಕೈ ತರಚಿತು. ಆದರೆ ಸ್ಕೋಪ್ ಕಲ್ಲಿಗೆ ಟಕ್ ಅಂತ ಬಡಿದದ್ದು ಕಿವಿಯಲ್ಲೇ ಉಳಿಯಿತು. ಗಾಜು ಒಡೆದಿರಲಿಲ್ಲ. ಒಳಗಿನ ಅಡ್ಡಗೆರೆ ನೇರವಾಗಿಯೇ ಇತ್ತು. ಹೊರಗೆ ಬೆರಳಗಲದ ಗೀರು, ಅಷ್ಟೆ.

ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಗಂಡು ಎಲ್ಕ್ ಹೊರಬಂತು. ಒಂಟಿ. ಅಲ್ಲಿನ ನಿಯಮದಂತೆ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲಿರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲು 5 ಇಂಚಿರಬೇಕು. ಇದಕ್ಕೆ ಒಂದೊಂದು ಕಡೆ ಐದು ಕವಲು. ಲೇಸರ್ 300 ಗಜ ತೋರಿಸಿತು. 30 ಡಿಗ್ರಿ ಇಳಿಜಾರು, ಅಂದರೆ ಗುರಿಯ ಲೆಕ್ಕಕ್ಕೆ 260 ಗಜ. ಗುಂಡು ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಮಟ್ಟಸವಾಗಿ ಅಳೆದ ದೂರವನ್ನೇ ಹಿಡಿಯಬೇಕು. ಗಾಳಿ ನನ್ನ ಮುಖಕ್ಕೆ ಬರುತ್ತಿತ್ತು. ಎಲ್ಲವೂ ಕೂಡಿ ಬಂದಿತ್ತು. ಅದು ಪಕ್ಕಕ್ಕೆ ತಿರುಗಿ ನಿಂತು ತಲೆಯೆತ್ತಿತು. ಕತ್ತಿನ ಕಪ್ಪು ಕೂದಲು ಗಾಳಿಗೆ ಅಲುಗುವುದು ಕಾಣುತ್ತಿತ್ತು. ಉಸಿರಿನ ಹಬೆ ಕೂಡ.

ಬೆರಳು ಕೋವಿಯ ಕುದುರೆಯ ಹತ್ತಿರ ಹೋಯಿತು. ಆ ಟಕ್ ಸದ್ದು ಮತ್ತೆ ನೆನಪಾಯಿತು. ಬೆರಳು ತೆಗೆದೆ. ನಾಲ್ಕು ನಿಮಿಷ ಮೇಯ್ದು ಅದು ಮರಗಳೊಳಗೆ ಹೋಯಿತು.

ಟೆಂಟಿಗೆ ಬಂದು ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಳೆ ಕಾಗದದ ಮೇಲೆ ಹೊಡೆದು ನೋಡೋಣ" ಅಂದರು, ಅಷ್ಟೆ.

ಭಾನುವಾರ ಮಧ್ಯಾಹ್ನ ಎರಡು ದಿಬ್ಬ ದಾಟಿ, ಯಾರ ಬಿಡಾರವೂ ಇಲ್ಲದ, ಹಿಂದೆ ಎತ್ತರದ ಮಣ್ಣಿನ ದರೆ ಇರುವ ಜಾಗ ಹುಡುಕಿದೆವು. 100 ಗಜದಲ್ಲಿ ಕಾಗದ. ಬ್ಯಾಗಿನ ಮೇಲೆ ಕೋವಿ ಇಟ್ಟು ಮೂರು ಈಡು. ಮೂರು ತೂತೂ ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದಿದ್ದವು, ಆದರೆ ನಡುವಿನಿಂದ 5 ಇಂಚು ಬಲಕ್ಕೆ. 300 ಗಜದಲ್ಲಿ ಅದು 15 ಇಂಚು. ಎಲ್ಕ್ ಎದೆಗೂಡಿನಲ್ಲಿ ಗುಂಡು ತಾಗಬೇಕಾದ ಜಾಗ ಹೆಚ್ಚುಕಡಿಮೆ ಒಂದಡಿ ಅಗಲ. ನಡುವಿಗೆ ಗುರಿಯಿಟ್ಟಿದ್ದರೆ ಗುಂಡು ಹೊಟ್ಟೆಗೋ ಭುಜಕ್ಕೋ ಹೋಗುತ್ತಿತ್ತು. ಪ್ರಾಣಿ ಓಡುತ್ತಿತ್ತು. ಕತ್ತಲಲ್ಲಿ ರಕ್ತದ ಜಾಡು ಹಿಡಿದು ಹೋಗಬೇಕಿತ್ತು, ಸಿಗದೆಯೂ ಇರಬಹುದಿತ್ತು. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ. ಕೈ ನಡುಗುತ್ತಿತ್ತು.

ಬಿಚ್ಚಿ ನೋಡಿದರೆ ಸ್ಕೋಪ್ ಸರಿಯಾಗಿಯೇ ಇತ್ತು. ಸಡಿಲವಾಗಿದ್ದದ್ದು ಅದನ್ನು ಹಿಡಿದಿಡುವ ರಿಂಗಿನ ಎರಡು ಸ್ಕ್ರೂ. ಕೂರಿಸಿಕೊಟ್ಟ ಅಂಗಡಿಯವರು ಎಷ್ಟು ಬಿಗಿಯಾಯಿತು ಅಂತ ತೋರಿಸುವ ಅಳತೆಯ ಸ್ಪ್ಯಾನರ್ ಹಾಕಿರಲಿಲ್ಲ, ನಾನೂ ಕೇಳಿರಲಿಲ್ಲ. ಬಿಗಿ ಮಾಡಿ, ಮತ್ತೆ ಆರು ಈಡು ಹೊಡೆದು ಸರಿ ಮಾಡಿಕೊಂಡೆ. ಆ ಗಂಡು ಮತ್ತೆ ಕಾಣಲಿಲ್ಲ.

ಮಂಗಳವಾರ ಭಾವನಿಗೆ ಹೆಣ್ಣು ಎಲ್ಕ್ ಸಿಕ್ಕಿತು. 180 ಗಜ, ಒಂದೇ ಈಡು, ಮೂವತ್ತು ಹೆಜ್ಜೆಯೊಳಗೆ ಬಿತ್ತು. ಅವರು ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಕೆಲಸ. ಮಾಂಸ ಬಿಟ್ಟು ಹೋಗುವುದು ಕಾನೂನಿಗೂ ವಿರುದ್ಧ, ಮನಸ್ಸಿಗೂ ವಿರುದ್ಧ. ಬಿಡಿಸಿ, ಗಾಳಿಯಾಡುವ ಬಟ್ಟೆ ಚೀಲಗಳಲ್ಲಿ ತುಂಬಿ ನೆರಳಿಗೆ ತೂಗುಹಾಕಿದೆವು. ಮೂಳೆ ತೆಗೆದರೂ 70 ಕಿಲೋ ಹತ್ತಿರ.

ಇಲ್ಲಿ ಹೊಸ ಬ್ಯಾಗು ಗೆದ್ದಿತು. ಅದರ ಚೌಕಟ್ಟು ಭುಜಕ್ಕಿಂತ ಮೇಲೆ ಹೋಗುತ್ತದೆ. ಭಾರವಾದ ಚೀಲವನ್ನು ಬೆನ್ನಿಗೆ ಅಂಟಿಸಿ, ಭುಜದ ಮಟ್ಟಕ್ಕೆ ಕಟ್ಟಿದರೆ ಹೊರೆ ಸೊಂಟದ ಪಟ್ಟಿಗೆ ಇಳಿಯುತ್ತದೆ. 35 ಕಿಲೋ ಹೊತ್ತೂ ಭುಜ ಹಗುರವಾಗಿತ್ತು. ಭಾವನ ಹಳೇ ಬ್ಯಾಗಿನ ಸೊಂಟದ ಪಟ್ಟಿ ಮಾತ್ರ ನೂರು ಹೆಜ್ಜೆಗೊಮ್ಮೆ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಬ್ಯಾಗು ಅದಲು ಬದಲು ಮಾಡಿಕೊಂಡೆವು. ಬೂಟಿನ ಕತೆ ಬೇರೆ. ಏರುವಾಗ ಸುಮ್ಮನಿದ್ದ ಬೂಟು ಇಳಿಯುವಾಗ ಬೆರಳನ್ನು ಮುಂದಕ್ಕೆ ನೂಕಿತು. ಗಿಣ್ಣಿನ ಹತ್ತಿರ ಲೇಸಿಗೆ ಎರಡು ಸುತ್ತಿನ ಗಂಟು ಹಾಕಿ ಬಿಗಿದ ಮೇಲೆ ಕಾಲು ನಿಂತಿತು.

ಎರಡು ಸಲ ಹತ್ತಿ ಇಳಿದು, ಬುಧವಾರ ಸಂಜೆ ಟೆಂಟು ಸಾಮಾನನ್ನೂ ಕೆಳಗೆ ತಂದೆವು. ನನ್ನ ಲೈಸೆನ್ಸ್ ಬಳಸದೆಯೇ ಜೇಬಿನಲ್ಲಿತ್ತು. ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಅಳತೆಯ ಸ್ಪ್ಯಾನರ್ ತಂದು ರಿಂಗಿನ ಸ್ಕ್ರೂಗಳನ್ನು ಹೇಳಿದಷ್ಟು ಬಿಗಿ ಮಾಡಿದ್ದು. ಆಮೇಲೆ ಸ್ಕ್ರೂ ತಲೆಯಿಂದ ರಿಂಗಿನವರೆಗೆ ಬಿಳಿ ಬಣ್ಣದಲ್ಲಿ ಒಂದು ತೆಳು ಗೀಟು ಎಳೆದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿಯುತ್ತದೆ, ಟಾರ್ಚ್ ಬೆಳಕಲ್ಲೂ ಕಾಣುತ್ತದೆ. ಭಾವ ಫೋಟೋ ನೋಡಿ, ಮುಂದಿನ ವಾರ ಅವರ ಕೋವಿಯನ್ನೂ ತಂದರು.