ಗೂಳಿಕಾಳಗ ನೋಡೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು?

ನಾನು ಸ್ಪೇನ್‌ನ ಸೆವಿಯಾದಲ್ಲಿ ಓದಿದವಳು ಅಂತ ಗೊತ್ತಾದರೆ ಜನ ಮೊದಲು ಊಟದ ಬಗ್ಗೆ ಕೇಳುತ್ತಾರೆ, ಆಮೇಲೆ ಗೂಳಿಕಾಳಗದ ಬಗ್ಗೆ. ನೋಡಿದ್ದೇನೆ ಅಂದರೆ ಮುಖ ಸಿಂಡರಿಸಿಕೊಂಡು "ಅಯ್ಯೋ, ಮನಸ್ಸಾದ್ರೂ ಹೇಗೆ ಬಂತು?" ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅವರೇ "ಹೇಗಿತ್ತು?" ಅಂತಲೂ ಕೇಳುತ್ತಾರೆ.

ಮನಸ್ಸು ಬಂದದ್ದು ಸುಮ್ನೆ ಕುತೂಹಲಕ್ಕೆ. ಮಾಯೆಸ್ತ್ರಾಂಸಾ ಅನ್ನುವ ಅಲ್ಲಿನ ಕಾಳಗದ ಕಣ 18ನೇ ಶತಮಾನದಲ್ಲಿ ಕಟ್ಟಲು ಶುರು ಮಾಡಿದ್ದು, ಊರಿನ ನಡುವೆ, ನದಿ ಪಕ್ಕದಲ್ಲೇ ಇದೆ. ಬಿಸಿಲಿನ ಕಡೆಯ ಸೀಟಿಗೆ ಕಡಿಮೆ ರೇಟು, ನೆರಳಿನ ಕಡೆಗೆ ಜಾಸ್ತಿ. ನಾನು ಬಿಸಿಲಿನಲ್ಲಿ ಕೂತೆ.

ಕೆಂಪು ಬಟ್ಟೆ ಹಿಡಿದ ಒಬ್ಬ ಮನುಷ್ಯ, ಎದುರಿಗೆ ಒಂದು ಗೂಳಿ. ನನಗೆ ಗೊತ್ತಿದ್ದದ್ದು ಅಷ್ಟೇ. ಆದರೆ ಆ ಬಟ್ಟೆ ಬರುವುದು ಕೊನೆಗೆ. ಬಣ್ಣವೂ ನಮಗೋಸ್ಕರ, ಗೂಳಿ ನುಗ್ಗುವುದು ಅಲುಗಾಡುವ ಬಟ್ಟೆಯ ಮೇಲೆ, ಕೆಂಪಿನ ಮೇಲಲ್ಲ. ಅದಕ್ಕೂ ಮೊದಲು ಕುದುರೆ ಮೇಲಿನವನು ಈಟಿಯಿಂದ ಗೂಳಿಯ ಕುತ್ತಿಗೆ ಹಿಂದಿನ ದಪ್ಪ ಮಾಂಸಕ್ಕೆ ತಿವಿಯುತ್ತಾನೆ. ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ, ಮೈಗೆ ದಪ್ಪ ಹೊದಿಕೆ. 1928ಕ್ಕೆ ಮೊದಲು ಆ ಹೊದಿಕೆ ಕಡ್ಡಾಯ ಇರಲಿಲ್ಲ, ಕುದುರೆಗಳ ಹೊಟ್ಟೆ ಸೀಳಿಹೋಗುತ್ತಿತ್ತು. ಆಮೇಲೆ ಬಣ್ಣದ ಕಾಗದ ಸುತ್ತಿದ, ತುದಿಗೆ ಕೊಕ್ಕೆಯಂಥ ಮೊಳೆ ಇರುವ ಕೋಲುಗಳನ್ನು ಜೋಡಿ ಜೋಡಿಯಾಗಿ ಚುಚ್ಚುತ್ತಾರೆ. ಇಷ್ಟಾದ ಮೇಲೆ ಗೂಳಿ ತಲೆ ತಗ್ಗಿಸುತ್ತದೆ. ತಗ್ಗಿಸಿದರೆ ತಾನೆ ಮತಾದೋರ್, ಅಂದರೆ ಕೆಂಪು ಬಟ್ಟೆ ಹಿಡಿದು ಕೊನೆಗೆ ಕೊಲ್ಲುವವನು, ಕೊಂಬಿನ ಮೇಲಿಂದ ಕೈ ಚಾಚಿ ಕತ್ತಿ ಇಳಿಸಬಹುದು!

ಹಾಗಾಗಿ ಇದನ್ನು ಪಂದ್ಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂದು ಸಂಜೆಗೆ ಸಾಮಾನ್ಯವಾಗಿ ಮೂವರು ಮತಾದೋರ್‌ಗಳು, ಆರು ಗೂಳಿಗಳು. ಮನುಷ್ಯನೂ ಸಾಯುವುದುಂಟು. 2016ರಲ್ಲಿ ತೆರುಎಲ್ ಊರಿನಲ್ಲಿ ವಿಕ್ತೋರ್ ಬಾರಿಯೋ ಎಂಬ ಮತಾದೋರ್ ಕಣದಲ್ಲೇ ಸತ್ತ. ಆದರೆ ಅದು ಅಪರೂಪ. ಗೂಳಿ ಗೆದ್ದರೂ ಸಾಯುತ್ತದೆ. ತುಂಬಾ ಧೈರ್ಯ ತೋರಿಸಿದ ಗೂಳಿಗೆ ಪ್ರಾಣಭಿಕ್ಷೆ ಸಿಗುವುದುಂಟು, ಅದೂ ಅಪರೂಪವೇ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಕಣಕ್ಕೆ ಬರುವ ಗೂಳಿ ಅದುವರೆಗೆ ಬಟ್ಟೆ ಹಿಡಿದು ನಿಂತ ಮನುಷ್ಯನನ್ನು ನೋಡಿರಬಾರದು. ಯಾಕೆಂದರೆ ಅದು ಬೇಗ ಕಲಿಯುತ್ತದೆ. ಬಟ್ಟೆ ಬಿಟ್ಟು ಮನುಷ್ಯನನ್ನೇ ಹಾಯಬೇಕು ಅಂತ ಒಮ್ಮೆ ಗೊತ್ತಾದರೆ ಆಟ ಮುಗಿಯಿತು. ಅದಕ್ಕೇ ಸಾಕುವವರು ಬಟ್ಟೆ ಬೀಸಿ ಹಸುಗಳ ಧೈರ್ಯ ಪರೀಕ್ಷೆ ಮಾಡುತ್ತಾರೆ, ಈ ಗೂಳಿಗಳದ್ದಲ್ಲ. ಅಂದರೆ ಆ ಹತ್ತಿಪ್ಪತ್ತು ನಿಮಿಷ ನಾವು ನೋಡುವುದು, ಗೂಳಿಗೆ ವಿಷಯ ಅರ್ಥ ಆಗುವುದರೊಳಗೆ ಅದನ್ನು ಮುಗಿಸುವ ಕೆಲಸ.

ಇಷ್ಟೆಲ್ಲ ಗೊತ್ತಿದ್ದೂ ಹೇಗಿತ್ತು ಅಂದರೆ, ಅಲ್ಲಲ್ಲಿ ತುಂಬಾ ಚೆನ್ನಾಗಿತ್ತು. ಸೆವಿಯಾದ ಪ್ರೇಕ್ಷಕರು ಮೌನಕ್ಕೆ ಹೆಸರಾದವರು. ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಕೊಂಬು ಸೊಂಟದ ಪಕ್ಕ ಹಾದುಹೋದಾಗ ಗಂಟಲಾಳದಿಂದ "ಓಲೆ" ಅನ್ನುವ ಒಂದು ಮೆಚ್ಚುಗೆಯ ಕೂಗು ಬರುತ್ತದೆ. ಆಟ ಕಳೆಕಟ್ಟಿತು ಅನ್ನಿಸಿದರೆ ಬ್ಯಾಂಡಿನವರು ಶುರು ಮಾಡುತ್ತಾರೆ. ಮೊದಲ ಗೂಳಿ ಬಿದ್ದಾಗ ನಾನು ನೆಲ ನೋಡುತ್ತಾ ಕೂತಿದ್ದೆ. ನಾಲ್ಕನೆಯದರ ಹೊತ್ತಿಗೆ ಕತ್ತಿ ಸರಿಯಾಗಿ ಇಳಿಯಲಿಲ್ಲ ಅಂತ ಮತಾದೋರ್ ಮೇಲೆ ಸಿಟ್ಟು ಬಂದಿತ್ತು. ಪಕ್ಕದ ಮುದುಕರ ಜೊತೆ ನಾನೂ ನಾಲಗೆ ಲೊಚಗುಟ್ಟಿದೆ. ಕೊಲ್ಲುವುದರಲ್ಲಿ ಒಳ್ಳೆಯದು ಕೆಟ್ಟದ್ದು ಗುರುತಿಸುವುದನ್ನು ಒಂದೇ ಸಂಜೆಯಲ್ಲಿ ಕಲಿತಿದ್ದೆ. ರಕ್ತ ನೋಡಿ ಹೆದರಿದ್ದಕ್ಕಿಂತ ಇದು ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಸ್ಪೇನ್‌ನವರೆಲ್ಲ ಇದರ ಪರ ಅಂದುಕೊಳ್ಳಬೇಡಿ. ನನ್ನ ರೂಮ್‌ಮೇಟ್ ಸೆವಿಯಾದವಳೇ, ಒಮ್ಮೆಯೂ ಹೋಗಿಲ್ಲ. "ನಿಮ್ಮಂಥ ಹೊರಗಿನವರ ದುಡ್ಡೂ ಅದನ್ನು ಉಳಿಸ್ತಿದೆ" ಅಂತ ನನಗೇ ಬೈದಿದ್ದಳು. ಅವಳ ತಾತ ಕಾಳಗದ ಅಭಿಮಾನಿ, ಮನೆಯಲ್ಲಿ ಆ ಮಾತೇ ಎತ್ತುವುದಿಲ್ಲ. ದೇಶದ ಕಥೆಯೂ ಹಾಗೇ. ಸ್ಪೇನ್‌ನದೇ ಆದ ಕೆನರಿ ದ್ವೀಪಗಳಲ್ಲಿ ದಶಕಗಳಿಂದ ಕಾಳಗ ನಡೆಯುತ್ತಿಲ್ಲ. ಕತಲೂನ್ಯಾ ಅನ್ನುವ ಪ್ರಾಂತ್ಯದ ಸಂಸತ್ತು 2010ರಲ್ಲಿ ನಿಷೇಧಿಸಿತು, 2016ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. 2024ರಲ್ಲಿ ಸಂಸ್ಕೃತಿ ಸಚಿವಾಲಯ ಗೂಳಿಕಾಳಗದ ರಾಷ್ಟ್ರೀಯ ಪ್ರಶಸ್ತಿಯನ್ನೇ ಕೈಬಿಟ್ಟಿತು.

ತಾತನ ವಾದವನ್ನೂ ಹೇಳಬೇಕು. ಈ ಗೂಳಿಗಳು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಓಕ್ ಮರಗಳ ಹುಲ್ಲುಗಾವಲಿನಲ್ಲಿ ಹಾಯಾಗಿ ಮೇಯುತ್ತವೆ. ಮಾಂಸಕ್ಕೆ ಸಾಕಿದ ದನಕ್ಕೆ ಆ ಭಾಗ್ಯ ಎಲ್ಲಿದೆ ಅಂತ ಕೇಳಿದರು. ನಾನು ಕೋಳಿ ತಿನ್ನುವವಳು, ಬಾಯಿ ಕಟ್ಟಿತು. ಕೋಳಿ ಕೊಯ್ಯುವುದನ್ನು ನೋಡೋಕೆ ಯಾರೂ ಟಿಕೆಟ್ ಕೊಳ್ಳಲ್ಲ ಅನ್ನುವ ಉತ್ತರ ಹೊಳೆದದ್ದು ರಾತ್ರಿ.

ನನಗೆ ಜಾಸ್ತಿ ಬೈಯುವವರು ಹಾವೇರಿ ಕಡೆಯ ನಮ್ಮ ಮಾವಂದಿರು. ದೀಪಾವಳಿ ಬಂತೆಂದರೆ ಹೋರಿ ಹಬ್ಬ ಅಂತ ಊಟ ಬಿಡುವ ಜನ! ಕೊಬ್ಬರಿ ಹಾರ, ಬಲೂನು ಕಟ್ಟಿ ಹೋರಿ ಓಡಿಸುತ್ತಾರೆ, ಹುಡುಗರು ಮೇಲೆ ಬಿದ್ದು ಹಾರ ಕೀಳುತ್ತಾರೆ. ಅಲ್ಲೂ ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ, ತಿವಿಸಿಕೊಂಡು ಸತ್ತವರೂ ಇದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿದ್ದು, ರಾಜ್ಯಗಳು ಕಾನೂನು ತಿದ್ದಿದ್ದು, 2023ರಲ್ಲಿ ಕೋರ್ಟೇ ಆ ತಿದ್ದುಪಡಿಗಳನ್ನು ಒಪ್ಪಿದ್ದು, ಎಲ್ಲ ಅವರಿಗೆ ಬಾಯಿಪಾಠ. "ನಮ್ಮ ಹೋರಿ ಸಂಜೆ ಮನೆಗೆ ಬರುತ್ತವ್ವಾ" ಅನ್ನುತ್ತಾರೆ. ನಿಜ, ಅದು ದೊಡ್ಡ ವ್ಯತ್ಯಾಸವೇ. ಗಲಾಟೆಗೆ ಬೆದರಿ ಓಡುವ ಹೋರಿಗೆ ಏನನ್ನಿಸುತ್ತೆ ಅಂತ ಕೇಳಿದರೆ ಮಾತ್ರ ಮಾವ ವಿಷಯ ಬದಲಾಯಿಸುತ್ತಾರೆ.

ಮತ್ತೆ ಹೋಗ್ತೀಯಾ ಅಂದರೆ, ಇಲ್ಲ. ಅಲ್ಲಿಗೆ ಓದಲು ಹೊರಟ ಹುಡುಗರು ಕೇಳಿದಾಗ ಹೋಗಬೇಡಿ ಅಂತಲೂ ಹೇಳುವುದಿಲ್ಲ. ಆರು ಸಲ ಸಾವು ನೋಡಬೇಕಾಗುತ್ತೆ, ಗೊತ್ತಿದ್ದು ಹೋಗಿ ಅನ್ನುತ್ತೇನೆ. ಬರೀ ಕಟ್ಟಡ ನೋಡಿದರೆ ಸಾಕು ಅನ್ನುವವರಿಗೆ ಕಾಳಗವಿಲ್ಲದ ಹೊತ್ತಿನಲ್ಲಿ ಬೇರೆ ಟಿಕೆಟ್ ಇದೆ, ಒಳಗೆ ಮ್ಯೂಸಿಯಂ ಕೂಡ ಇದೆ. ಆ ದುಡ್ಡೂ ಅಲ್ಲಿಗೇ ಹೋಗುತ್ತೆ ಅಂತ ನನ್ನ ರೂಮ್‌ಮೇಟ್ ಅದಕ್ಕೂ ಕಾಲಿಟ್ಟಿಲ್ಲ.