ಎರಡು ಬೋಲ್ಟಿನ ಕೆಲಸ

ಸಮತಟ್ಟು ರಸ್ತೆಯಲ್ಲಿ ಗಾಡಿಗೆ ಯಾವ ರೋಗವೂ ಇರಲಿಲ್ಲ. ಲೋಡು ಹೊತ್ತು ಏರು ಹತ್ತುವಾಗ ಮಾತ್ರ ಅರ್ಧ ದಾರಿಗೇ ಏದುಸಿರು ಬಿಡುತ್ತಿತ್ತು. ಆಕ್ಸಿಲರೇಟರ್ ಎಷ್ಟು ತುಳಿದರೂ ಅಷ್ಟೇ. ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಮಾವನ ಹಳೇ ಪಿಕಪ್ ಅದು, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಕಾಲದ ಪೆಟ್ರೋಲ್ ಎಂಜಿನ್. ನೋಡಿದವರೆಲ್ಲ ಕಾರ್ಬುರೇಟರ್ ಮೇಲೇ ಗೂಬೆ ಕೂರಿಸಿದ್ದರು. ಮಾವನೂ ಅದನ್ನೇ ಬಿಚ್ಚಿಸಲು ಹೊರಟಿದ್ದರು.

“ತಡೀರಿ ಮಾವ, ಪೆಟ್ರೋಲ್ ಅಲ್ಲೀತನಕ ಸರಿಯಾಗಿ ಬರ್ತಿದೆಯಾ ಅಂತ ಮೊದಲು ನೋಡೋಣ” ಅಂದೆ.

ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತದೆ ಅನ್ನುವುದೇ ನನಗೆ ಸುಳಿವು. ಕಾರ್ಬುರೇಟರಿನ ಫ್ಲೋಟ್ ಬೌಲ್‌ನಲ್ಲಿ ಇರುವುದು ಒಂದಿಷ್ಟೇ ಪೆಟ್ರೋಲ್. ಏರಿನಲ್ಲಿ ಎಂಜಿನ್ ಕುಡಿಯುವಷ್ಟನ್ನು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು ತಂದುಕೊಡದಿದ್ದರೆ ಬೌಲ್ ಒಣಗುತ್ತದೆ. ನಿಂತಾಗ ಮತ್ತೆ ತುಂಬಿಕೊಳ್ಳುತ್ತದೆ. ಹಾಗಂತ ನೇರ ಪಂಪಿಗೇ ಕೈ ಹಾಕುವುದೂ ತಪ್ಪು. ಕಟ್ಟಿದ ಫಿಲ್ಟರ್, ಗಾಳಿಕಿಂಡಿ ಮುಚ್ಚಿಹೋದ ಟ್ಯಾಂಕ್ ಮುಚ್ಚಳ, ಟ್ಯಾಂಕಿನಿಂದ ಪಂಪಿಗೆ ಬರುವ ಓಸಿನಲ್ಲಿ ಕೂದಲೆಳೆಯ ಬಿರುಕು, ಇವೆಲ್ಲ ಇದೇ ಲಕ್ಷಣ ತೋರಿಸುತ್ತವೆ. ಅದರಲ್ಲೂ ಆ ಬಿರುಕು ಮಹಾ ಮೋಸ. ಅದು ಎಳೆದುಕೊಳ್ಳುವ ಬದಿ, ಹಾಗಾಗಿ ಹೊರಗೆ ಒಂದು ಹನಿಯೂ ಸೋರದೆ ಒಳಗೆ ಗಾಳಿ ಸೇರುತ್ತದೆ. ಫಿಲ್ಟರ್ ಬದಲಿಸಿದೆವು, ಮುಚ್ಚಳ ಸಡಿಲಿಸಿ ಓಡಿಸಿದೆವು, ಓಸು ಹೊಸದು ಹಾಕಿದೆವು. ಏರಿನ ಏದುಸಿರು ನಿಲ್ಲಲಿಲ್ಲ.

ಆಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಹಳೇ ಎಂಜಿನ್ ಆಯಿಲ್ ತಿನ್ನುವುದುಂಟು, ತಾನಾಗಿ ಹೆಚ್ಚಿಸಿಕೊಳ್ಳುವುದುಂಟೇ?

ಮೆಕ್ಯಾನಿಕಲ್ ಪಂಪಿನ ಒಳಗೆ ಏನಿದೆಯೆಂದು ಗೊತ್ತಿದ್ದರೆ ಈ ವಾಸನೆಯ ಅರ್ಥ ತಾನೇ ಬಿಡಿಸಿಕೊಳ್ಳುತ್ತದೆ. ಎಂಜಿನ್ ಬ್ಲಾಕಿನ ಪಕ್ಕಕ್ಕೆ ಎರಡು ಬೋಲ್ಟಿನಲ್ಲಿ ಕೂತ ಪಂಪು ಇದು. ಅದರ ಲಿವರ್ ಬ್ಲಾಕಿನೊಳಗೆ ತೂರಿ, ಎಂಜಿನ್ ಜೊತೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡದ ಒಂದು ಉಬ್ಬಿಗೆ ಒರಗಿರುತ್ತದೆ. ಉಬ್ಬು ಬಂದಾಗ ಲಿವರ್ ಡಯಾಫ್ರಾಮನ್ನು, ಅಂದರೆ ಪಂಪಿನೊಳಗಿನ ಬಾಗುವ ಪೊರೆಯನ್ನು, ಎಳೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಒಳಬರುತ್ತದೆ. ಉಬ್ಬು ಸರಿದಾಗ ಸ್ಪ್ರಿಂಗ್ ಡಯಾಫ್ರಾಮನ್ನು ವಾಪಸ್ ದೂಡುತ್ತದೆ, ಪೆಟ್ರೋಲ್ ಕಾರ್ಬುರೇಟರಿಗೆ ಹೋಗುತ್ತದೆ. ಗಮನಿಸಿ, ದೂಡುವುದು ಲಿವರ್ ಅಲ್ಲ, ಸ್ಪ್ರಿಂಗ್. ಬೌಲ್ ತುಂಬಿ, ಅದರ ಬಾಯಿ ಕಾಯುವ ನೀಡಲ್ ವಾಲ್ವ್ ಮುಚ್ಚಿದರೆ ಡಯಾಫ್ರಾಮ್ ಎಳೆದಲ್ಲೇ ನಿಲ್ಲುತ್ತದೆ, ಲಿವರ್ ಸುಮ್ಮನೆ ಆಡಿಕೊಂಡಿರುತ್ತದೆ. ಯಾವ ಸೆನ್ಸರೂ ಇಲ್ಲದೆ, ಒಂದು ಸ್ಪ್ರಿಂಗಿನ ಬಲದಲ್ಲಿ, ಬೇಕಾದಾಗ ಬೇಕಾದಷ್ಟೇ. ಈ ಪಂಪಿನ ಬಗ್ಗೆ ನನಗಿರುವ ಮೆಚ್ಚುಗೆಯೆಲ್ಲ ಇಲ್ಲೇ ಇದೆ. ಆದರೆ ಆ ಡಯಾಫ್ರಾಮ್ ಹರಿದರೆ? ಪೆಟ್ರೋಲ್ ಪಂಪಿನ ಕೆಳಭಾಗದ ಸಣ್ಣ ತೂತಿನಿಂದ ಹೊರಗೆ ಸೋರಬಹುದು, ಇಲ್ಲವೇ ಲಿವರಿನ ದಾರಿಯಲ್ಲೇ ಎಂಜಿನ್ ಆಯಿಲಿಗೆ ಇಳಿಯಬಹುದು. ಮಾವನ ಗಾಡಿಯಲ್ಲಿ ಎರಡನೆಯದೇ ಆಗಿತ್ತು.

ಖಚಿತಪಡಿಸಿಕೊಳ್ಳಲು, ಎಂಜಿನ್ ಹತ್ತಿಕೊಳ್ಳದಂತೆ ಕಿಡಿ ಕೊಡುವ ಕಾಯಿಲ್‌ನ ವೈರ್ ತೆಗೆದು, ಕಾರ್ಬುರೇಟರ್ ಕಡೆಯ ಪೈಪನ್ನು ಬಾಟಲಿಗಿಳಿಸಿ ಸೆಲ್ಫ್ ಹೊಡೆದೆವು. ಒಳ್ಳೆಯ ಪಂಪು ಸಾಮಾನ್ಯವಾಗಿ 30 ಸೆಕೆಂಡಿಗೆ ಅರ್ಧ ಲೀಟರಿನಷ್ಟು ಕೊಡಬೇಕು. ಇದು ಬಾಟಲಿಯ ತಳ ಮುಚ್ಚಿಸಿತು, ಅಷ್ಟೇ.

ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ತೆಗೆದು ಕೆಲಸಕ್ಕೆ ಇಳಿದೆವು. ಮಾವ ತಂತಿ ಪಂಜರದ ಹಳೇ ಬಲ್ಬು ಹಿಡಿದು ಬಂದರು. ಅದನ್ನು ವಾಪಸ್ ಕಳಿಸಿ ಎಲ್‌ಇಡಿ ಟಾರ್ಚ್ ತರಿಸಿದೆ. ಪೆಟ್ರೋಲ್ ಹನಿಯುವ ಜಾಗದಲ್ಲಿ ಕಾದ ಬಲ್ಬು ಒಡೆದರೆ ಮಾತಾಡಲು ಯಾರೂ ಉಳಿಯುವುದಿಲ್ಲ. ಟ್ಯಾಂಕ್ ಕಡೆಯ ಓಸು ಕಳಚಿ ಬಾಯಿಗೆ ಬಿರಡೆ ಜಡಿದೆ. ಕಬ್ಬಿಣದ ಪೈಪಿನ ನಟ್ಟನ್ನು ಮಾತ್ರ ಎರಡು ಸ್ಪ್ಯಾನರಿನಲ್ಲಿ ಬಿಚ್ಚಬೇಕು: ಪಂಪಿನ ಫಿಟ್ಟಿಂಗ್ ಅಲ್ಲಾಡದಂತೆ ಒಂದು, ನಟ್ಟು ತಿರುಗಿಸಲು ಇನ್ನೊಂದು. ಒಂದೇ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ಪೈಪೇ ತಿರುಚಿಕೊಳ್ಳುತ್ತದೆ, ಪಂಪಿನ ಜೊತೆ ಪೈಪಿನ ಖರ್ಚೂ ಸೇರುತ್ತದೆ.

ಹಳೇ ಪಂಪು ಸಲೀಸಾಗಿ ಬಂತು. ಅಂಟಿಕೊಂಡಿದ್ದ ಗ್ಯಾಸ್ಕೆಟ್ ಕೆರೆಯುವ ಮೊದಲು ತೂತಿಗೆ ಬಟ್ಟೆ ತುರುಕಿದೆ. ಚೂರೊಂದು ಒಳಗೆ ಬಿದ್ದರೆ ಅದು ಸೇರುವುದು ನೇರ ಆಯಿಲ್ ಸಂಪಿಗೆ. ಹೊಸ ಪಂಪು ಬ್ಲಾಕಿನ ಮುಂದೆ ಹಿಡಿದಾಗ ನಿಜವಾದ ಕೆಲಸ ಶುರುವಾಯಿತು. ಬೋಲ್ಟು ದಾರ ಹಿಡಿಯಲಿಲ್ಲ, ಪಂಪು ಬೆರಳಷ್ಟು ದೂರ ನಿಂತಿತ್ತು.

“ಉದ್ದ ಬೋಲ್ಟು ಹಾಕಿ ಎಳೀ ಮಾರಾಯ, ಕೂತ್ಕೊಳ್ಳುತ್ತೆ” ಅಂದರು ಮಾವ.

ಎಳೆದರೆ ಕೂತುಕೊಳ್ಳುತ್ತಿತ್ತು, ನಿಜ. ಓರೆಯಾಗಿ ಕೂತು ಪಂಪಿನ ಕಿವಿಯನ್ನೋ ಬ್ಲಾಕಿನ ದಾರವನ್ನೋ ಮುರಿದುಕೊಂಡು. ಕ್ಯಾಮ್‌ಶಾಫ್ಟ್ ಆ ಹೊತ್ತಿಗೆ ಉಬ್ಬನ್ನು ಪಂಪಿನ ಕಡೆ ಮಾಡಿ ನಿಂತಿತ್ತು. ಅದು ಹಾಗೆ ನಿಂತಿರುವಷ್ಟು ಹೊತ್ತು ಸ್ಪ್ರಿಂಗಿನ ವಿರುದ್ಧ ಗುದ್ದಾಡಬೇಕು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ನನ್ನು ಕೈಯಿಂದಲೇ ನಿಧಾನ ತಿರುಗಿಸಿದೆ. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಉಬ್ಬು ಎದುರು ದಿಕ್ಕಿಗೆ ಹೋಗಲು ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಬರಬೇಕು. ಆಗ ಲಿವರ್ ಸಡಿಲವಾಗಿ ಒಳಗೆ ಹೋಯಿತು, ಬೋಲ್ಟುಗಳೆರಡೂ ಬೆರಳಲ್ಲೇ ದಾರ ಹಿಡಿದವು. ಲಿವರ್ ಉಬ್ಬಿನ ಯಾವ ಮಗ್ಗುಲಿಗೆ ಒರಗಬೇಕು ಎಂಬುದನ್ನು ಹಳೆಯದನ್ನು ತೆಗೆಯುವಾಗಲೇ ನೋಡಿಟ್ಟುಕೊಳ್ಳುವುದು ಜಾಣತನ. ತಪ್ಪು ಮಗ್ಗುಲಿಗೆ ಸಿಕ್ಕಿಸಿ ಸೆಲ್ಫ್ ಹೊಡೆದರೆ ಲಿವರ್ ಮುರಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕ್ಯಾಮಿಗೂ ಲಿವರಿಗೂ ನಡುವೆ ಒಂದು ಬಿಡಿ ರಾಡ್ ಇರುತ್ತದೆ. ಅದು ಜಾರಿ ಕೆಳಗಿಳಿಯದಂತೆ ಗಟ್ಟಿ ಗ್ರೀಸ್ ಮೆತ್ತಿ ನಿಲ್ಲಿಸುತ್ತಾರೆ. ಪುಣ್ಯಕ್ಕೆ ಈ ಗಾಡಿಯಲ್ಲಿ ಆ ಕಾಟ ಇರಲಿಲ್ಲ. ಬೋಲ್ಟುಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸರದಿಯಲ್ಲಿ ಬಿಗಿದೆ.

ಇಷ್ಟಾದ ಮೇಲೆ ಮಾವನಿಗೆ ಕೀ ತಿರುಗಿಸುವ ಆತುರ. ನಾನು ಬಿಡಲಿಲ್ಲ. ಪಂಪು ಬದಲಿಸಿ ಆಯಿಲ್ ಹಾಗೇ ಬಿಡುವವರನ್ನು ನೋಡಿದ್ದೇನೆ. ಪೆಟ್ರೋಲ್ ಬೆರೆತು ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ, ಜೊತೆಗೆ ಕ್ರ್ಯಾಂಕ್‌ಕೇಸಿನಲ್ಲಿ ಪೆಟ್ರೋಲ್ ಆವಿ ತುಂಬಿರುತ್ತದೆ. ಆಯಿಲ್ ಇಳಿಸಿದರೆ ನೀರಿನ ಹಾಗೆ ಬಂತು. ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್ ಹಾಕಿದ ಮೇಲೇ ಬ್ಯಾಟರಿ ಜೋಡಿಸಿದ್ದು.

ಪೈಪು ಖಾಲಿಯಿದ್ದುದರಿಂದ ಸೆಲ್ಫ್ ಸ್ವಲ್ಪ ಹೆಚ್ಚೇ ಹೊಡೆಯಬೇಕಾಯಿತು, ನಡುನಡುವೆ ಮೋಟರಿಗೆ ಬಿಡುವು ಕೊಡುತ್ತ. ಎಂಜಿನ್ ಹತ್ತಿಕೊಂಡ ಮೇಲೆ ಎಲ್ಲ ಜೋಡಣೆಗಳ ಸುತ್ತ ಒಣ ಕಾಗದ ಒರೆಸಿ ನೋಡಿದೆ, ತೇವವಿಲ್ಲ. ಮರುದಿನ ಲೋಡು ಹಾಕಿ ಏರಿಗೆ ಬಿಟ್ಟರೆ ಮಾವ ಗೇರ್ ಇಳಿಸುವ ಮಾತೇ ಎತ್ತಲಿಲ್ಲ.

“ಕರೆಂಟಿನ ಪಂಪು ಹಾಕಿಸಿದ್ರೆ ಈ ರಗಳೆನೇ ಇರ್ತಿರ್ಲಿಲ್ವಲ್ಲ?” ಅಂತ ಕೇಳಿದರು.

ಹಾಕಿಸಬಹುದಿತ್ತು. ಆದರೆ ಈ ಕಾರ್ಬುರೇಟರಿಗೆ ಬೇಕಾದ ಒತ್ತಡ 4ರಿಂದ 6 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ). ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳ ಪಂಪು ಸಾಮಾನ್ಯವಾಗಿ ಕೊಡುವುದು 40ರ ಮೇಲೆ. ಅದನ್ನು ತಂದು ಕೂರಿಸಿದರೆ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕುತ್ತದೆ. ಕಡಿಮೆ ಒತ್ತಡದ್ದನ್ನೇ ಹುಡುಕಿ ಹಾಕಿದರೂ, ಎಂಜಿನ್ ನಿಂತಾಗ ಪಂಪೂ ನಿಲ್ಲುವಂತೆ ಬೇರೆ ಸ್ವಿಚ್ ಬೇಕು. ಗಾಡಿ ಎಲ್ಲಾದರೂ ಗುದ್ದಿ ಪೈಪು ಹರಿದರೆ, ಆ ಸ್ವಿಚ್ ಇಲ್ಲದ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇದಕ್ಕೆ ಆ ಉಸಾಬರಿ ಇಲ್ಲ: ಕ್ಯಾಮ್ ನಿಂತರೆ ಪಂಪು ನಿಂತಂತೆ.