ಟ್ಯಾಂಕರ್ ನೀರಿನಲ್ಲಿ ಕೆಂಪು ಸಿಗಡಿ

ಜನವರಿ 2024

ತೊಟ್ಟಿ ಎರಡು ಅಡಿ ಉದ್ದದ್ದು, ಸುಮಾರು 50 ಲೀಟರ್ ಹಿಡಿಯುತ್ತದೆ. ಒಂದು ಸ್ಪಾಂಜ್ ಫಿಲ್ಟರ್, ಒಂದು ಮುಷ್ಟಿ ಜಾವಾ ಮಾಸ್ ಎಂಬ ನೀರುಪಾಚಿ, ಪಾರ್ಕಿನಲ್ಲಿ ಆರಿಸಿ ಒಣಗಿಸಿದ ನಾಲ್ಕು ಕಾಡುಬಾದಾಮಿ ಎಲೆ. ನೀರು ತುಂಬಿಸಿ ಆರು ವಾರ ಒಂದು ಜೀವವನ್ನೂ ಬಿಡದೆ ಕಾದೆ. ಸ್ಪಾಂಜಿನ ತೂತುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು. ಅವು ಹೊಲಸಿನಿಂದ ಹುಟ್ಟುವ ವಿಷ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡಬೇಕು. ಅಲ್ಲಿಯವರೆಗೆ ಸಿಗಡಿ ಬಿಡಬಾರದು. ಗಟ್ಟಿ ಮೀನಾದರೆ ಸ್ವಲ್ಪ ತಡೆದುಕೊಂಡೀತು, ಇವು ತಡೆಯುವುದಿಲ್ಲ.

ಫೆಬ್ರವರಿ

ಇಪ್ಪತ್ತು ಚೆರ್ರಿ ಸಿಗಡಿ ಬಂದವು. ತೈವಾನ್, ಚೀನಾ ಕಡೆಯ ಹೊಳೆಗಳ ಜೀವ ಇದು. ಅಲ್ಲಿ ಇದರ ಬಣ್ಣ ಮಣ್ಣುಕಂದು. ಈ ಕೆಂಪು ಸಾಕುವವರು ಆರಿಸಿ ಆರಿಸಿ ಬೆಳೆಸಿದ್ದು. ಏರ್ ಪೈಪಿಗೆ ಗಂಟು ಹಾಕಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವ ಹಾಗೆ, ತೊಟ್ಟಿಯ ನೀರನ್ನು ಅವು ಬಂದ ಡಬ್ಬಿಗೆ ಹನಿ ಹನಿಯಾಗಿ ಎರಡು ಗಂಟೆ ಬಿಟ್ಟೆ. ಆಮೇಲೆ ತೊಟ್ಟಿಗೆ ಸೇರಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲವೂ ಮಾಸ್ ಮೇಲೆ ಕೂತು ಎರಡೂ ಕೈಯಲ್ಲಿ ಕೆದಕಿ ತಿನ್ನತೊಡಗಿದವು. ಆ ರಾತ್ರಿ ಊಟಕ್ಕೆ ಎರಡು ಸಲ ಕರೆಸಿಕೊಂಡೆ.

ಮಾರ್ಚ್

ನಮ್ಮ ಬೋರ್‌ವೆಲ್ ಬತ್ತಿತು. ಆ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತದೆ, ಅಲ್ವಾ? ದಿನ ಬಿಟ್ಟು ದಿನ ಟ್ಯಾಂಕರ್. ಪ್ರತಿ ಭಾನುವಾರ ಮೂರನೇ ಒಂದು ಭಾಗ ನೀರು ಬದಲಿಸುವ ಅಭ್ಯಾಸ ನನ್ನದು, ಹಾಗೇ ಮುಂದುವರಿಸಿದೆ. ಮೂರನೇ ದಿನ ಎರಡು ಸತ್ತವು. ಮರುವಾರ ಮತ್ತೆ ಮೂರು.

ಸತ್ತದ್ದನ್ನು ಅಂಗೈ ಮೇಲೆ ಇಟ್ಟು ನೋಡಿದೆ. ತಲೆಯ ಚಿಪ್ಪು ಮುಗಿದು ಬಾಲ ಶುರುವಾಗುವ ಕಡೆ ಮೈ ಸುತ್ತ ಒಂದು ಬಿಳಿ ಉಂಗುರ, ನೂಲು ಸುತ್ತಿದ ಹಾಗೆ. ಸಿಗಡಿ ಸಾಕುವವರು ಹೆದರುವುದು ಇದಕ್ಕೇ. ಸಿಗಡಿ ದೊಡ್ಡದಾದರೂ ಅದರ ಚಿಪ್ಪು ಬೆಳೆಯುವುದಿಲ್ಲ. ಅದಕ್ಕೇ ಹಾವಿನ ಹಾಗೆ ಪೊರೆ ಬಿಡುತ್ತದೆ. ಒಳಗೆ ಹೊಸ ಚಿಪ್ಪು ತಯಾರಾದ ಮೇಲೆ ಮೈಯಲ್ಲಿ ನೀರು ತುಂಬಿಕೊಂಡು ಹಳೆಯದನ್ನು ಬೆನ್ನಿನ ಕಡೆ ಬಿರಿಸಿ ಹೊರಗೆ ಹಾರುತ್ತದೆ. ನೀರು ದಿಢೀರ್ ಅಂತ ಬದಲಾದರೆ ತಯಾರಿ ಮುಗಿಯುವ ಮೊದಲೇ ಪೊರೆ ಬಿರಿಯಬಹುದು. ಆಗ ಬಿರುಕು ಸುತ್ತಲೂ ಹರಿಯುತ್ತದೆ, ಸಿಗಡಿ ಒಳಗೇ ಸಿಕ್ಕಿಕೊಳ್ಳುತ್ತದೆ.

ನೀರಿನಲ್ಲಿ ಕರಗಿದ ಖನಿಜ, ಲವಣ ಲೀಟರಿಗೆ ಸುಮಾರು ಎಷ್ಟು ಮಿಲಿಗ್ರಾಂ ಎಂದು ತೋರಿಸುವ ಟಿಡಿಎಸ್ ಮೀಟರ್ ತಂದು ಬಂದ ಬಂದ ನೀರನ್ನೆಲ್ಲ ಅಳೆದೆ. ಒಂದು ದಿನ 310. ಇನ್ನೊಂದು ದಿನ 640. ಒಮ್ಮೆ 900 ದಾಟಿತು. ಟ್ಯಾಂಕರಿನವರನ್ನು ದೂರಿ ಪ್ರಯೋಜನವಿರಲಿಲ್ಲ. ಯಾವ ಬಾವಿಯಲ್ಲಿ ನೀರಿದೆಯೋ ಅಲ್ಲಿಂದ ತರುತ್ತಿದ್ದರು. ಅಳೆಯದೆ ಸುರಿದವನು ನಾನು. ತಿಂಗಳ ಕೊನೆಗೆ ಹನ್ನೊಂದು ಉಳಿದಿದ್ದವು.

ಏಪ್ರಿಲ್

ಬದಲಾವಣೆ ಒಂದೇ: ಇನ್ನು ಟ್ಯಾಂಕರ್ ನೀರು ನೇರವಾಗಿ ತೊಟ್ಟಿಗೆ ಇಲ್ಲ. ಖನಿಜವನ್ನು ಬಹುಪಾಲು ಸೋಸಿ ತೆಗೆಯುವ ಮನೆಯ ಆರ್‌ಒ ಯಂತ್ರದ ನೀರನ್ನು 20 ಲೀಟರ್ ಡ್ರಮ್ಮಿನಲ್ಲಿ ಹಿಡಿದು, ಸಿಗಡಿಗೆಂದೇ ಸಿಗುವ ಖನಿಜದ ಪುಡಿ ಬೆರೆಸುತ್ತೇನೆ. ಜಿಎಚ್ (ನೀರಿನ ಒಟ್ಟು ಗಡಸುತನ) 7, ಕೆಎಚ್ (ಕಾರ್ಬೊನೇಟ್ ಗಡಸುತನ) 3, ಟಿಡಿಎಸ್ 200ರ ಹತ್ತಿರ. ಆರ್‌ಒ ಹೊರಗೆ ಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು, ಬಾತ್‌ರೂಮಿಗೆ ಬಳಸಿದೆವು. ಆ ತಿಂಗಳು ಒಂದು ಚೊಂಬು ನೀರು ಚೆಲ್ಲುವುದಕ್ಕೂ ಮನಸ್ಸು ಬರುತ್ತಿರಲಿಲ್ಲ. ಬದಲಿಸುವುದು ವಾರಕ್ಕೆ ಐದು ಲೀಟರ್ ಮಾತ್ರ, ಅದೂ ಪೈಪಿನಲ್ಲಿ ಹನಿ ಹನಿಯಾಗಿ.

ತಿಂಗಳ ಕೊನೆಗೆ ಹೊರಗೆ 38 ಡಿಗ್ರಿ. ತೊಟ್ಟಿಯಲ್ಲಿ 30. ಇವಕ್ಕೆ 22ರಿಂದ 26 ಇದ್ದರೆ ಸುಖ. ಮುಚ್ಚಳ ತೆಗೆದು ಚಿಕ್ಕ ಫ್ಯಾನ್ ಗಾಳಿ ನೀರಿನ ಮೇಲೆ ಬೀಸುವ ಹಾಗೆ ಇಟ್ಟೆ, ಮೂರು ಡಿಗ್ರಿ ಇಳಿಯಿತು. ನೀರು ಆವಿಯಾದರೂ ಖನಿಜ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಬರೀ ಆರ್‌ಒ ನೀರಿನಿಂದ ತುಂಬಬೇಕು, ಪುಡಿ ಬೆರೆಸಿದ್ದನ್ನು ಹಾಕಿದರೆ ಟಿಡಿಎಸ್ ಏರುತ್ತಲೇ ಹೋಗುತ್ತದೆ.

ಆ ಕೋಣೆಯಿಂದ ಸೊಳ್ಳೆ ಲಿಕ್ವಿಡ್ ಯಂತ್ರವನ್ನೂ ತೆಗೆದೆ. ಸೊಳ್ಳೆಯನ್ನು ಕೊಲ್ಲುವ ಮದ್ದು ಸಿಗಡಿಯನ್ನೂ ಕೊಲ್ಲುತ್ತದೆ, ಏರ್ ಪಂಪ್ ಅದೇ ಗಾಳಿಯನ್ನು ನೀರಿಗೆ ತಳ್ಳುತ್ತದೆ. ಈಗ ಪರದೆ ಕಟ್ಟಿ ಮಲಗುತ್ತೇವೆ. ತಾಮ್ರ ಇರುವ ಮೀನಿನ ಔಷಧಿಯೂ ಅಷ್ಟೇ ಅಪಾಯ. ಸೊಪ್ಪು ಕೊಡುವುದಾದರೆ ನಮ್ಮ ಬಾಲ್ಕನಿಯ ಬಸಳೆ ಮಾತ್ರ, ಅರ್ಧ ನಿಮಿಷ ಬೇಯಿಸಿ. ಮಾರ್ಕೆಟ್ ಸೊಪ್ಪಿಗೆ ಏನು ಹೊಡೆದಿರುತ್ತಾರೋ.

ಮೇ

ಒಂದೂ ಸಾಯಲಿಲ್ಲ. ಬರೆಯಲು ಬೇರೇನೂ ಇಲ್ಲ.

ಜೂನ್

9ನೇ ತಾರೀಕು, ಬೆಳಗ್ಗೆ ಕಾಫಿ ಹೊತ್ತು. ಎಲ್ಲಕ್ಕಿಂತ ದೊಡ್ಡ ಹೆಣ್ಣು ಮಾಸ್ ಮೇಲೆ ಅಲ್ಲಾಡದೆ ನಿಂತಿತ್ತು. ಕುದುರೆಗೆ ಜೀನು ಹಾಕಿದ ಹಾಗೆ ಬೆನ್ನ ಮೇಲೆ ಹಳದಿ ಮಚ್ಚೆ, ಒಳಗೆ ಬಲಿಯುತ್ತಿರುವ ಮೊಟ್ಟೆಗಳು. ಮೈ ಒಮ್ಮೆ ಬಾಗಿತು. ಇನ್ನೊಮ್ಮೆ. ಬೆನ್ನ ಮೇಲೆ ಬಿಳಿ ಗೆರೆ ಕಂಡಿತು, ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಒಂದೇ ಜಿಗಿತ. ಹೊರಗೆ ಬಂದಿತ್ತು! ಹಿಂದೆ ಉಳಿದದ್ದು ಗಾಜಿನಂಥ ಇನ್ನೊಂದು ಸಿಗಡಿ, ಮೀಸೆ, ಕಾಲು, ಕಣ್ಣಿನ ಮೇಲಿನ ಪೊರೆ ಸಮೇತ. ಅದನ್ನು ತೆಗೆಯಲಿಲ್ಲ. ಸುಣ್ಣದಂಶಕ್ಕಾಗಿ ಅವೇ ಅದನ್ನು ತಿನ್ನುತ್ತವೆ.

ಸ್ವಲ್ಪ ಹೊತ್ತಿಗೆ ಗಂಡುಗಳೆಲ್ಲ ತೊಟ್ಟಿ ತುಂಬ ಈಜಾಡಿದವು, ವಾಸನೆ ಹಿಡಿದು ಹುಡುಕುತ್ತವೆ. ಮರುದಿನ ಅವಳ ಹೊಟ್ಟೆಯ ಕೆಳಗೆ ಸಾಸಿವೆಗಿಂತ ಚಿಕ್ಕ ಹಳದಿ ಮೊಟ್ಟೆ, ಇಪ್ಪತ್ತಕ್ಕೂ ಜಾಸ್ತಿ. ಈಜುಗಾಲುಗಳಿಂದ ಬಿಡದೆ ಗಾಳಿ ಹಾಕುತ್ತಿದ್ದಳು.

ಜುಲೈ

6ನೇ ತಾರೀಕು ಬಾದಾಮಿ ಎಲೆಯ ಅಂಚಿನಲ್ಲಿ ಎರಡು ಮಿಲಿಮೀಟರಿನ ಸಿಗಡಿ. ಈ ಜಾತಿಯಲ್ಲಿ ಮರಿ ಹುಟ್ಟುವಾಗಲೇ ದೊಡ್ಡದರ ಪಡಿಯಚ್ಚು. ಟಾರ್ಚ್ ಹಿಡಿದು ಹದಿನಾಲ್ಕು ಎಣಿಸಿದೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಫೆಬ್ರವರಿ 2025

ಈಗ ಎಣಿಸಲು ಆಗುವುದಿಲ್ಲ, ನೂರರ ಮೇಲಿವೆ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಹೋದ ಅಕ್ಟೋಬರಿನಲ್ಲಿ ಶುರುವಾಯಿತಲ್ಲ, ಅದು ತಲುಪಬೇಕಾದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಈ ತಿಂಗಳು ನಮ್ಮ ಬೀದಿಗೆ ನೀರು ಬಂತು. ಮೊದಲ ಬಕೆಟ್‌ಗೇ ಮೀಟರ್ ಅದ್ದಿದೆ. ಅಂಕಿ ಚೆನ್ನಾಗಿದೆ, ಆದರೆ ಕ್ಲೋರಿನ್ ವಾಸನೆ ಇದೆ. ಕ್ಲೋರಿನ್ ತೆಗೆಯುವ ಹನಿ ಹಾಕಿ, ಒಂದು ದಿನ ಏರ್ ಪಂಪ್ ಓಡಿಸಿ, ಭಾನುವಾರ ಡ್ರಮ್ಮಿಗೆ ಒಂದು ಲೀಟರ್ ಮಾತ್ರ ಸೇರಿಸುತ್ತೇನೆ.